ಕೆಂಪು ಚುಕ್ಕಿಯ ಕೆಳಗಿನ ಗಂಟು

"ನೀ ಏನರ ಕೈ ಹಚ್ಚಿದ್ದೇನು ಇದಕ್ಕ?" ಎಂದು ದೇಸಾಯಿ ಸರ್ ಕೇಳಿದರು. "ಇಲ್ರಿ ಸರ್" ಎಂದೆ.

ಅದು ಸುಳ್ಳು. ಆ ಆರು ಪೆಟ್ಟಿಗೆಗಳ ಸೆನ್ಸರ್‌ಗಳನ್ನು ಸುಟ್ಟವನು ನಾನು. ಆರು ವರ್ಷಗಳಿಂದ ಆ ತಪ್ಪನ್ನು ಹೊತ್ತುಕೊಂಡಿರುವವರು ಸುನಂದಕ್ಕ — ಅದೂ ತಮ್ಮ ಕೈಯದೇ ತಪ್ಪು ಎಂದು ನಂಬಿಕೊಂಡು.

ಮೇಲಿನ ಇಷ್ಟು ಸಾಲು ಟೈಪ್ ಮಾಡಲು ನನಗೆ ಅರ್ಧ ತಾಸು ಹಿಡಿಯಿತು. ನನಗೆ ಎರಡೇ ಬೆರಳು ಓಡುತ್ತವೆ. ಒತ್ತಕ್ಷರ ಬಂದರೆ ಅವೂ ನಿಲ್ಲುತ್ತವೆ. ಆದರೆ ತಡವಾದದ್ದು ಬೆರಳಿನಿಂದಲ್ಲ. "ಸುಟ್ಟವನು ನಾನು" ಎಂದು ಬರೆದು ಅಳಿಸಿದೆ. "ಸುಟ್ಟುಹೋದವು" ಎಂದು ಬರೆದೆ. ಅದನ್ನೂ ಅಳಿಸಿದೆ. ಸುಟ್ಟುಹೋದವು ಎಂದರೆ ತಾವೇ ಸುಟ್ಟುಕೊಂಡವು ಎಂದ ಹಾಗೆ ಕೇಳುತ್ತದೆ. ಅವು ತಾವೇ ಸುಟ್ಟುಕೊಳ್ಳಲಿಲ್ಲ.

ನನ್ನ ಹೆಸರು ಮಹಾಂತೇಶ. ಏಳನೇ ತರಗತಿಗೆ ಶಾಲೆ ಬಿಟ್ಟವನು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹದಿನಾರು ವರ್ಷ ಮೋಟರ್ ವೈಂಡಿಂಗ್ ಮಾಡಿದೆ. ಸುಟ್ಟ ಮೋಟರಿನ ಹೊಟ್ಟೆಯಿಂದ ಕರಿ ತಾಮ್ರ ಕಿತ್ತು ಹೊಸ ತಾಮ್ರ ಸುತ್ತುವುದು — ಅಷ್ಟೇ ಬದುಕು. ಅಕ್ಷರ ಮರೆತುಹೋಗಿತ್ತು. ಆದರೆ ಅಂಗೈ ಮಾತ್ರ ಎಲ್ಲ ಬಲ್ಲದ್ದಾಗಿತ್ತು. ಓಡುವ ಮೋಟರಿನ ಮೇಲೆ ಅಂಗೈ ಇಟ್ಟರೆ ಯಾವ ಬೇರಿಂಗು ಎಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಿದ್ದೆ. ಆ ಅಂಗೈಗಾಗಿಯೇ ದೇಸಾಯಿ ಸರ್ ನನ್ನನ್ನು ಕರೆದದ್ದು.

ಗಬ್ಬೂರಿನ ಬೈಪಾಸ್ ಹತ್ತಿರ ಅವರದೊಂದು ಸಣ್ಣ ಕಾರ್ಖಾನೆ. ತಗಡಿನ ಮಾಡು, ನಾಲ್ಕು ಉದ್ದನೆಯ ಮೇಜು, ಆರು ಜನ. ಮೊದಲು ಅಲ್ಲಿ ದವಾಖಾನೆಗಳಿಗೆ ಬೆಲ್ ಪೆಟ್ಟಿಗೆ ಮಾಡುತ್ತಿದ್ದರು — ರೋಗಿ ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ನರ್ಸಿನ ಮೇಜಿನ ಮೇಲೆ ಬೆಲ್ ಆಗುತ್ತದಲ್ಲ, ಅದು. ಆಮೇಲೆ ಸರ್ ಅವರಿಗೆ ಹೊಸ ವಿಚಾರ ಹೊಳೆಯಿತು. ನೀರಿನ ಪಂಪಿನ ಮೋಟರು ಕೆಡುವ ಮೊದಲು ನಡುಗತೊಡಗುತ್ತದೆ. ಆ ನಡುಕವನ್ನು ಸದಾ ಕೇಳುತ್ತ ಕೂತು, ಹೆಚ್ಚಾದರೆ ಕೆಂಪು ದೀಪ ಹಚ್ಚುವ ಪೆಟ್ಟಿಗೆ ಮಾಡಬೇಕು. "ನಿನ್ನ ಅಂಗೈನ ಪೆಟಿಗ್ಯಾಗ ಹಾಕೋದದ ನೋಡು" ಎಂದರು ನನಗೆ.

ಅಲ್ಲಿ ಕಿಟಕಿಯ ಪಕ್ಕದ ಮೊದಲ ಮೇಜು ಸುನಂದಕ್ಕನವರದು. ಆಗ ಅವರಿಗೆ ಐವತ್ತರ ಆಸುಪಾಸು. ಸತ್ತೂರಿನಿಂದ ಬಸ್ಸಿಗೆ ಬರುತ್ತಿದ್ದರು, ಎಲ್ಲರಿಗಿಂತ ಮೊದಲು. ಕಾರ್ಖಾನೆಯ ಮೊದಲ ಬೆಲ್ ಪೆಟ್ಟಿಗೆಗೆ ಸೋಲ್ಡರಿಂಗ್ ಮಾಡಿದ ಕೈ ಅವರದು. ಅಕ್ಕಿಕಾಳಿಗಿಂತ ಸಣ್ಣ ಸಾಮಾನಿನ ಕಾಲನ್ನು ಬೋರ್ಡಿಗೆ ಬೆಸೆಯುವಾಗ ಅವರ ಉಸಿರು ಕೂಡ ಅಲುಗುತ್ತಿರಲಿಲ್ಲ.

ಅವರು ನನಗೆ ಏನೇನು ಕೊಟ್ಟರು ಎಂದು ಮೊದಲು ಬರೆಯಬೇಕು. ಇಲ್ಲದಿದ್ದರೆ ನಾನು ಮಾಡಿದ್ದರ ಅಳತೆ ನಿಮಗೆ ಸಿಗುವುದಿಲ್ಲ.

ಮೊದಲನೇ ವಾರ ನಾನು ಹತ್ತು ಬೋರ್ಡು ಕೆಡಿಸಿದೆ. ವೈಂಡಿಂಗಿನ ಕೈ — ಒತ್ತಿ ಎಳೆದು ಬಿಗಿಯುವ ಕೈ. ಅವರು ಬೈಯಲಿಲ್ಲ. ನನ್ನ ಕೈಯೊಳಗಿನ ಕಾದ ಸೋಲ್ಡರಿಂಗ್ ಐರನ್ ಇಸಿದುಕೊಂಡು, "ತಮ್ಮಾ, ನೀ ಯಾರ ಕೂಡ ಕುಸ್ತಿ ಹಿಡಿದಿ? ಅದಕ್ಕ ಬಿಸಿ ತೋರಿಸಿ ಸುಮ್ಮನ ಕೂಡು. ತವರ ತಾನ ಹರದು ಬರ್ತೈತಿ" ಎಂದರು. ಅಷ್ಟೇ. ಅದಾದ ಮೇಲೆ ನನ್ನ ಕೈ ತಿದ್ದಿಕೊಂಡಿತು.

ಸೆನ್ಸರಿನ ವಿವರದ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿ. ಅವರು ಹತ್ತನೇ ತರಗತಿ ಪಾಸಾದವರು, ಮಗಳಿಗೆ ತಾವೇ ಪಾಠ ಹೇಳಿದವರು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ನನ್ನನ್ನು ಕೂರಿಸಿಕೊಂಡು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿಸುತ್ತಿದ್ದರು. ನನಗಾಗ ಮೂವತ್ತೆರಡು ವಯಸ್ಸು, ಮೀಸೆ ಹೊತ್ತ ಗಂಡಸು. ಉಳಿದವರು ನಗುತ್ತಿದ್ದರು. "ನಗಾಕತ್ತೀರಲ್ಲ, ನಿಮಗ ಇದರಾಗಿನ ಒಂದು ಸಾಲು ಓದಾಕ ಬರ್ತೈತೇನು?" ಎಂದು ಅವರು ಅತ್ತ ಗದರುವರು, ಇತ್ತ ನನಗೆ, "ಹೂಂ, ಮುಂದಿಂದು ಓದು" ಎನ್ನುವರು. ಹತ್ತನೇ ತರಗತಿಗೆ ಹೊರಗಿನಿಂದ ಪರೀಕ್ಷೆ ಕಟ್ಟಿಸಿದವರು ಅವರು. ಮಗಳ ಹಳೆ ಪುಸ್ತಕಗಳಿಗೆ ಹೊಸ ಹೊದಿಕೆ ಹಾಕಿ ತಂದುಕೊಟ್ಟವರು ಅವರು. ಆಮೇಲೆ ನಾನು ಸಂಜೆಯ ಡಿಪ್ಲೊಮಾ ಸೇರಿದೆ, ಚಿಪ್‌ಗೆ ಪ್ರೋಗ್ರಾಂ ಬರೆಯಲು ಕಲಿತೆ. ಇವತ್ತು ನನ್ನ ಹೆಸರಿನ ಮುಂದೆ ಏನಿದೆಯೋ ಅದರ ಬೇರು ಆ ಊಟದ ಮೇಜಿನಲ್ಲಿದೆ.

ಇನ್ನೊಂದು ಕೊಟ್ಟರು. ಅದನ್ನು ಹೇಳಬೇಕಾದರೆ ನಮ್ಮ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು.

ನಮ್ಮಲ್ಲಿ ಯಾರು ಬೋರ್ಡು ಮುಗಿಸುತ್ತಾರೋ ಅವರು ಅದರ ಬೆನ್ನಿಗೆ ಉಗುರಿನ ಬಣ್ಣದಿಂದ ಒಂದು ಚುಕ್ಕಿ ಇಡಬೇಕು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಸುನಂದಕ್ಕನವರದು ಕೆಂಪು. ಸರ್ ಅವರದು ನೀಲಿ — ಮಾಲಕರಾದರೂ ಅವರಿಗೂ ನಿಯಮ ತಪ್ಪದು. ಚುಕ್ಕಿ ಬಿದ್ದ ಮೇಲೆ ಮತ್ತೊಬ್ಬರು ಆ ಬೋರ್ಡಿಗೆ ಕೈ ಹಚ್ಚಿದರೆ ತಮ್ಮ ಚುಕ್ಕಿಯನ್ನೂ ಪಕ್ಕದಲ್ಲಿಡಬೇಕು. ಕೆಟ್ಟು ವಾಪಸ್ಸು ಬಂದರೆ ಯಾರನ್ನೂ ಕೇಳುವ ಅಗತ್ಯವಿಲ್ಲ. ಬೋರ್ಡು ತಿರುಗಿಸಿ ನೋಡಿದರೆ ಸಾಕು.

ನನಗೆ ಚುಕ್ಕಿ ಇಡುವ ಹಕ್ಕು ಸಿಕ್ಕ ದಿನ ಸುನಂದಕ್ಕ ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದರು. ಹಸಿರು. "ಮೂರು ಬಳಿ ಅಂಗಡಿ ತಿರುಗೇನಿ ನೋಡು ಇದಕ್ಕ. ಅಂವಾ ಬಳಿಗಾರ, ಯಾರಿಗಿ ಬೇಕಾಗೇತ್ರಿ ಅಂತ ಕೇಳಿದ. ನಮ್ಮ ತಮ್ಮಗ ಅಂದೆ. ಬಾಯಿ ತೆರದು ನಿಂತ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಬಾಟಲಿ ಈಗ ಈ ಕೀಬೋರ್ಡಿನ ಪಕ್ಕದಲ್ಲಿದೆ.

ಈಗ ತಪ್ಪಿಗೆ ಬರುತ್ತೇನೆ. ಆಗ ನಾನು ಸಂಜೆಯ ಡಿಪ್ಲೊಮಾ ಸೇರಿ ಒಂದು ವರ್ಷವಾಗಿತ್ತು.

ನಡುಕದ ಪೆಟ್ಟಿಗೆಗೆ ಮೂರು ಸೆನ್ಸರ್ — ಒಂದು ಮೋಟರಿನ ಮುಂದಿನ ಬೇರಿಂಗಿಗೆ, ಒಂದು ಹಿಂದಿನದಕ್ಕೆ, ಒಂದು ಪಂಪಿಗೆ. ಸೆನ್ಸರು ಒಂದು ಅಳತೆ ಮುಗಿಸಿದ ಕೂಡಲೇ ಒಂದು ಸಣ್ಣ ತಂತಿಯ ಮೇಲೆ ಸನ್ನೆ ಕೊಡುತ್ತದೆ: ಅಳತೆ ತಯಾರು, ಓದಿಕೋ. ಅದಕ್ಕೆ ನಾವು ರೆಡಿ ತಂತಿ ಎನ್ನುತ್ತೇವೆ. ಸನ್ನೆಗೆ ಮೊದಲೇ ಓದಿದರೆ ಹಳೆಯ ಅಳತೆಯೇ ಮತ್ತೆ ಕೈಗೆ ಬರುತ್ತದೆ. ತಡಮಾಡಿದರೆ ನಡುವಿನ ಒಂದು ಅಳತೆ ತಪ್ಪಿಹೋಗುತ್ತದೆ. ನಾನು ಇದನ್ನು ವಿವರಿಸಿದಾಗ ಸುನಂದಕ್ಕ, "ಅಂದ್ರ ರೊಟ್ಟಿ ಬೆಂದಾವು, ಬರ್ರಿ ಅಂತ ಒಳಗಿಂದ ಕೂಗಿದಂಗ" ಎಂದಿದ್ದರು.

ತೊಂದರೆ ಇದ್ದದ್ದು ಚಿಪ್‌ನಲ್ಲಿ. ಅದೊಂದು ಸಣ್ಣ ಮೈಕ್ರೋಕಂಟ್ರೋಲರ್. ಅದರ ಕಾಲುಗಳೆಲ್ಲ, ಅಂದರೆ ಪಿನ್ನುಗಳೆಲ್ಲ, ದೀಪಕ್ಕೆ, ಗುಂಡಿಗೆ, ಪರದೆಗೆ ಎಂದು ಖರ್ಚಾಗಿ, ಉಳಿದದ್ದು ಒಂದೇ ಕಾಲು. ರೆಡಿ ತಂತಿ ಮೂರು. ಮೂರಕ್ಕೂ ಸರದಿಯಲ್ಲಿ "ಆಯಿತೇ, ಆಯಿತೇ" ಎಂದು ಕೇಳುತ್ತಲೇ ಇದ್ದರೆ ಚಿಪ್‌ಗೆ ಬೇರೆ ಕೆಲಸಕ್ಕೆ ಪುರಸೊತ್ತಿಲ್ಲ. ಸರ್ ನಕಾಶೆಯಲ್ಲಿ ಆ ಮೂರು ತಂತಿಗಳನ್ನು ಎಲ್ಲಿಗೂ ಜೋಡಿಸದೆ ಬಿಟ್ಟಿದ್ದರು. "ವಿಚಾರ ಮಾಡು. ಅವಸರ ಇಲ್ಲ. ಏನರ ಹೊಳದ್ರ ನನಗ ತೋರಿಸಿ ಆಮ್ಯಾಲೆ ಹಚ್ಚು" ಎಂದಿದ್ದರು.

ತೋರಿಸಿ ಆಮೇಲೆ ಹಚ್ಚು. ಅಷ್ಟು ಸ್ಪಷ್ಟವಾಗಿ ಹೇಳಿದ್ದರು.

ವೈಂಡಿಂಗ್‌ನಲ್ಲಿ ಮೂರು ಸುರುಳಿಗಳ ಮೂರು ತುದಿಗಳನ್ನು ತಂದು ಒಂದೇ ಗಂಟು ಹಾಕುತ್ತೇವೆ. ಮೂರು ಒಂದಾಗುತ್ತವೆ, ಮೋಟರು ಓಡುತ್ತದೆ. ಹದಿನಾರು ವರ್ಷ ಸಾವಿರಾರು ಸಲ ಹಾಕಿದ ಗಂಟು — ಎರಡು ಸುತ್ತು ಬಲಕ್ಕೆ, ತುದಿ ಮಡಚಿ ಒಳಗೆ. ಸುನಂದಕ್ಕ ಆರು ಬೋರ್ಡುಗಳಿಗೆ ಸೆನ್ಸರ್‌ಗಳನ್ನೂ ಬೆಸೆದು ಮುಗಿಸಿ, ಕೆಂಪು ಚುಕ್ಕಿಯಿಟ್ಟು, ನನ್ನ ಮೇಜಿಗೆ ಕಳಿಸಿದರು. ನಾನು ಮೂರು ರೆಡಿ ತಂತಿಗಳನ್ನು ಹಿಡಿದು ಅದೇ ಗಂಟು ಹಾಕಿ, ಉಳಿದ ಒಂದು ಕಾಲಿಗೆ ಬೆಸೆದುಬಿಟ್ಟೆ. ಯಾವುದು ಸನ್ನೆ ಕೊಟ್ಟರೂ ಕಾಲಿಗೆ ಮುಟ್ಟುತ್ತದಲ್ಲ! ನನಗೆ ನನ್ನ ಬುದ್ಧಿಯ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ — ಸರ್ ಅವರಿಗೆ ಓಡುವ ಪೆಟ್ಟಿಗೆಯನ್ನೇ ತೋರಿಸಿ ಬೆರಗುಗೊಳಿಸಬೇಕು ಎನಿಸಿತು.

ಪೆಟ್ಟಿಗೆಗಳು ಓಡಿದವು. ಸರ್ ಎರಡು ದಿನ ಊರಲ್ಲಿರಲಿಲ್ಲ. ಅವರು ಬರುವ ಮೊದಲೇ ಆರನ್ನೂ ಪರೀಕ್ಷೆಗೆಂದು ಆರು ಪಂಪುಗಳಿಗೆ ಕಟ್ಟಿಬಂದೆ. ಅವರು ಬಂದ ಮೇಲೂ, ಒಂದು ತಿಂಗಳು ಓಡಲಿ, ಆಮೇಲೆ ಗುಟ್ಟು ಹೇಳಿದರಾಯಿತು ಎಂದುಕೊಂಡೆ; ರೆಡಿ ತಂತಿಗಳು ಇನ್ನೂ ಬಿಟ್ಟಂತೆಯೇ ಇವೆ ಎಂದು ಅವರು ತಿಳಿದಿದ್ದರು. ಗಂಟು ಹಾಕಿದ್ದಕ್ಕೆ ಹಸಿರು ಚುಕ್ಕಿ ಇಡಲಿಲ್ಲ. ಒಂದು ಗಂಟಿಗೇನು ಚುಕ್ಕಿ ಎಂದುಕೊಂಡೆ. ಆಗ ಅದರಲ್ಲಿ ಕಪಟವಿರಲಿಲ್ಲ — ಹಾಗೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಬಹುದು. ಆದರೆ ಚುಕ್ಕಿ ಇಟ್ಟಿದ್ದರೆ ಸರ್ ಅದನ್ನು ನೋಡಿ, "ಏನ್ ಮಾಡಿದಿ?" ಎಂದು ಕೇಳುತ್ತಿದ್ದರು, ಅದು ನನಗೆ ಗೊತ್ತಿತ್ತು.

ಹದಿನೈದು ದಿನದಲ್ಲಿ ಆರೂ ಸತ್ತು ವಾಪಸ್ಸು ಬಂದವು. ಪರೀಕ್ಷೆ ಮಾಡುವ ಕೆಲಸ ನನ್ನದೇ, ಹಾಗಾಗಿ ಮೊದಲು ಬಂದದ್ದು ನನ್ನ ಮೇಜಿಗೇ. ಸ್ಪೇರ್ ಇದ್ದ ಹೊಸ ಸೆನ್ಸರ್‌ಗಳನ್ನು ಒಂದು ಬೋರ್ಡಿಗೆ ಜೋಡಿಸಿ ಕರೆಂಟ್ ಕೊಟ್ಟು, ಬೆರಳಿಟ್ಟು ನೋಡಿದೆ. ಬಿಸಿ. ಹಿಡಿಯಲಾರದಷ್ಟು ಬಿಸಿ. ವಿವರದ ಹಾಳೆ ತೆಗೆದೆ. ಸುನಂದಕ್ಕ ಓದಲು ಕಲಿಸಿದ ಅದೇ ಹಾಳೆ. ಅಲ್ಲಿ ಬರೆದೇ ಇತ್ತು — ಈ ಸೆನ್ಸರ್ ತನ್ನ ರೆಡಿ ತಂತಿಯನ್ನು ಸನ್ನೆ ಕೊಡುವಾಗ ಮೇಲಕ್ಕೆ ಜಗ್ಗುತ್ತದೆ, ಸುಮ್ಮನಿರುವಾಗಲೂ ಬಿಡುವುದಿಲ್ಲ, ಕೆಳಕ್ಕೆ ಜಗ್ಗಿ ಹಿಡಿಯುತ್ತದೆ. ಅಂದರೆ ನನ್ನ ಗಂಟಿನಲ್ಲಿ ಒಂದು ಮೇಲಕ್ಕೆ ಜಗ್ಗಿದಾಗ ಉಳಿದೆರಡು ಕೆಳಕ್ಕೆ ಜಗ್ಗುತ್ತಿದ್ದವು. ಹಗಲಿರುಳು ಹಗ್ಗಜಗ್ಗಾಟ. ಮೂರೂ ಆ ಬಿಸಿಗೆ ಸತ್ತಿದ್ದವು. ಬಹಳ ದೂರದಿಂದ ತರಿಸಿದ ಸೆನ್ಸರ್‌ಗಳು. ಮತ್ತೆ ಸಿಗಲು ತಿಂಗಳುಗಟ್ಟಲೆ ಕಾಯಬೇಕಿತ್ತು.

ಸರ್ ಹೊರಗಡೆ ಫೋನಿನಲ್ಲಿ ಮಾತಾಡುತ್ತಿದ್ದರು. ಅವರ ಧ್ವನಿ ಕೇಳುತ್ತಿತ್ತು. ನಾನು ಐರನ್ ಕಾಯಿಸಿ ಒಂದೊಂದೇ ಗಂಟು ಬಿಡಿಸಿ, ಜಾಗವನ್ನು ಸ್ಪಿರಿಟ್ ಹಚ್ಚಿ ಒರೆಸಿದೆ. ಐದು ಬೋರ್ಡು. ಆರನೆಯದರ ಹತ್ತಿರ ಹೋಗುವಷ್ಟರಲ್ಲಿ ಅವರ ಚಪ್ಪಲಿ ಸಪ್ಪಳವಾಯಿತು. ಅದನ್ನು ಊಟದ ಚೀಲಕ್ಕೆ ಹಾಕಿಕೊಂಡೆ.

ಸರ್ ಐದು ಬೋರ್ಡುಗಳನ್ನು ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದರು. ಐದೂ ಒಂದೇ ತೆರನಾಗಿ ಸತ್ತಿದ್ದರಿಂದ ಆರನೆಯದನ್ನು ಕೇಳಲಿಲ್ಲ. ಸೆನ್ಸರುಗಳು ಬಿಸಿಗೆ ಸತ್ತಿವೆ ಎಂಬುದು ಗೊತ್ತಾಗುತ್ತಿತ್ತು. ಬಿಸಿ ಎಲ್ಲಿಂದ ಬಂತು? ಬೋರ್ಡು ತಿರುಗಿಸಿದರು. ಕೆಂಪು ಚುಕ್ಕಿ. ಒಂದೇ ಚುಕ್ಕಿ. ಆಗ ನನ್ನತ್ತ ನೋಡಿ ಆ ಪ್ರಶ್ನೆ ಕೇಳಿದರು. ನಾನು ಆ ಎರಡು ಮಾತು ಹೇಳಿದೆ.

ನನಗೆ ಯಾವ ಭಯವಿತ್ತು ಎಂದು ಬರೆಯಬಹುದು — ವೈಂಡಿಂಗ್ ಅಂಗಡಿಗೆ ವಾಪಸ್ಸು ಹೋಗಬೇಕಾದೀತು, ಸಂಜೆಯ ಕಾಲೇಜು ನಿಂತೀತು... ಬರೆಯುವುದಿಲ್ಲ. ಭಯ ಎಲ್ಲರಿಗೂ ಇರುತ್ತದೆ. ಸುನಂದಕ್ಕನವರಿಗೂ ಇತ್ತು.

ಸರ್ ಒಳ್ಳೆಯವರು, ಜೋರು ಮಾಡಲಿಲ್ಲ. ಕಿಟಕಿಯ ಮೇಜಿನ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು. "ಅಕ್ಕಾರ, ಬೆಸೀವಾಗ ಬಿಸಿ ಜರಾ ಹೆಚ್ಚಾಗೇದೇನ್ರಿ?"

ಸುನಂದಕ್ಕ ಬೋರ್ಡನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅವರು ಜಗಳ ಮಾಡಿದ್ದರೆ! "ನನ್ನ ಕೈಯಾಗ ಹಂಗ ಆಗೂದಿಲ್ಲ" ಎಂದು ಒಂದು ಮಾತು ಅಂದಿದ್ದರೆ ನಾನು ಬಾಯಿಬಿಡುತ್ತಿದ್ದೆನೇನೋ. ಅವರು ತಮ್ಮ ಚುಕ್ಕಿಯನ್ನೇ ನೋಡುತ್ತಿದ್ದರು. ಕೊನೆಗೆ, "ಚುಕ್ಕಿ ನಂದ ಐತಲ್ರಿ ಸರ್" ಎಂದರು. "ಹೆಚ್ಚಾಗಿರಬೇಕು. ಕಣ್ಣು ಮದಲಿನಂಗ ಇಲ್ಲೇನೋ."

ಅವರಿಗೆ ತಮ್ಮ ಕೈಗಿಂತ ಚುಕ್ಕಿಯ ಮೇಲೆ ನಂಬಿಕೆ ಹೆಚ್ಚಿತ್ತು. ಯಾಕೆಂದರೆ ಆ ಪದ್ಧತಿಯನ್ನು ಕಾರ್ಖಾನೆಯಲ್ಲಿ ಶುರುಮಾಡಿದವರೇ ಅವರು. ಅದರಲ್ಲಿ ಯಾರಾದರೂ ಮೋಸ ಮಾಡಬಹುದು ಎಂಬುದು ಅವರ ತಲೆಗೇ ಬರಲಿಲ್ಲ.

ಮರುದಿನ ರಜೆ ಹಾಕಿ ಕಣ್ಣು ತೋರಿಸಿಕೊಂಡು ಬಂದರು. ಬಂದವರು ಚಪ್ಪಲಿ ಬಿಡುತ್ತ ನನಗೇ ಹೇಳಿದರು — ನನಗೇ. "ಕಣ್ಣು ಛಲೋ ಅದಾವಂತ, ತಮ್ಮಾ. ಡಾಕ್ಟರು ಇನ್ನೂ ಹತ್ತು ವರ್ಷ ಚಿಂತಿಲ್ಲ ಅಂದ್ರು." ಚಪ್ಪಲಿ ಬದಿಗೆ ಸರಿಸಿ, "ಹಂಗಾರ ಕೈಯ ಕೆಟ್ಟಾವು" ಎಂದರು. ಕೈಗಳನ್ನು ಮುಂದೆ ಚಾಚಿ ತಿರುಗಿಸಿ ಮುರುಗಿಸಿ ನೋಡಿಕೊಂಡರು, ಬೇರೆ ಯಾರದೋ ಕೈ ನೋಡಿದ ಹಾಗೆ.

ಆ ವಾರವೇ ಅವರು ಕಿಟಕಿಯ ಮೇಜು ಬಿಟ್ಟರು. ಸರ್ ಹೇಳಿರಲಿಲ್ಲ, ತಾವಾಗಿಯೇ. ಹಿಂದಿನ ಮೇಜಿಗೆ ಹೋಗಿ ತಂತಿ ಕತ್ತರಿಸುವುದು, ಪೆಟ್ಟಿಗೆ ಕಟ್ಟುವುದು ಇಷ್ಟು ಇಟ್ಟುಕೊಂಡರು. ಆ ಕೆಲಸಕ್ಕೆ ಚುಕ್ಕಿ ಬೇಕಾಗುವುದಿಲ್ಲ. ಕೆಂಪು ಬಾಟಲಿಯ ಮುಚ್ಚಳ ಬಿಗಿ ಮಾಡಿ ಕಿಟಕಿಯ ಕಟ್ಟೆಯ ಮೇಲೇ ಬಿಟ್ಟುಹೋದರು.

ನೀವು ಕೇಳಬಹುದು — ಆಗಲಾದರೂ? ಇಲ್ಲ. ಆಗಲೂ ಇಲ್ಲ.

ಮುಂದಿನದು ಇನ್ನೂ ಕಷ್ಟದ್ದು. ಹೊಸ ಸೆನ್ಸರ್ ಬಂದಾಗ ನಾನು ರೆಡಿ ತಂತಿಗಳ ಗೊಡವೆಗೇ ಹೋಗಲಿಲ್ಲ. ಇಷ್ಟು ಹೊತ್ತು ಕಾದು ಓದು, ಮತ್ತೆ ಇಷ್ಟು ಹೊತ್ತು ಕಾದು ಓದು ಎಂದು ಪ್ರೋಗ್ರಾಮಿನಲ್ಲಿ ಗೊತ್ತುಪಡಿಸಿದ ವೇಳೆ ಬರೆದುಬಿಟ್ಟೆ. ಸೆನ್ಸರಿನ ಕೂಗು ಕೇಳದೆ ಗಡಿಯಾರ ನೋಡಿ ಊಟಕ್ಕೆ ಹೋದ ಹಾಗೆ. ಒಮ್ಮೆ ಬೆಂದಿರುತ್ತದೆ, ಒಮ್ಮೆ ಇರುವುದಿಲ್ಲ.

ಒಂದು ದಿನ ಮುಂಜಾನೆ ಕುಡಿಯುವ ನೀರಿನ ಪಂಪ್‌ಹೌಸೊಂದಕ್ಕೆ ಪೆಟ್ಟಿಗೆ ನೋಡಲು ಹೋದೆ. ಹಸಿರು ದೀಪ ಉರಿಯುತ್ತಿತ್ತು. ಮೋಟರು ಶಾಂತವಾಗಿದೆ ಎಂದು ಅರ್ಥ. ಅಭ್ಯಾಸದಂತೆ ಮೋಟರಿನ ಮೇಲೆ ಅಂಗೈ ಇಟ್ಟೆ. ಹಿಂದಿನ ಬೇರಿಂಗು ಚಳಿಜ್ವರ ಬಂದವನ ಹಾಗೆ ನಡುಗುತ್ತಿತ್ತು. ಪೆಟ್ಟಿಗೆ ಹಳೆಯ ಅಳತೆಯನ್ನೇ ಮತ್ತೆ ಮತ್ತೆ ಓದಿಕೊಂಡು, ಏನೂ ಬದಲಾಗಿಲ್ಲ, ಏನೂ ಬದಲಾಗಿಲ್ಲ ಎನ್ನುತ್ತಿತ್ತು. ಮೋಟರು ನಿಲ್ಲಿಸಿದೆ. ಅದು ಉಳಿಯಿತು. ಆದರೆ ನನ್ನ ಪೆಟ್ಟಿಗೆ ಸುಳ್ಳು ಹೇಳುವುದನ್ನು ನನ್ನಿಂದಲೇ ಕಲಿತಿತ್ತು.

ಕಾರ್ಖಾನೆಗೆ ಬಂದು, ಬೇರೆ ಯಾರ ಹತ್ತಿರವೂ ಹೋಗಲು ಮನಸ್ಸಾಗದೆ, ಹಿಂದಿನ ಮೇಜಿಗೆ ಹೋದೆ. ಸುನಂದಕ್ಕ ತಂತಿ ಕತ್ತರಿಸುತ್ತಿದ್ದರು. ಎಲ್ಲ ಒಂದೇ ಅಳತೆ, ಪಟ್ಟಿ ಇಲ್ಲದೆ. "ಅಕ್ಕಾರ, ಮೂರು ತಂತಿ ಅದಾವು, ಕಾಲು ಒಂದ ಐತಿ. ಕೂಡಿಸಿ ಗಂಟ ಹಾಕಿದ್ರ ಒಂದಕ್ಕೊಂದು ಜಗ್ಯಾಡ್ತಾವು. ಏನ್ ಮಾಡೂದ್ರಿ?" ಎಂದೆ. ಗಂಟು ಹಾಕಿದ್ರ ಎಂದು ಬಾಯಿಂದ ಬಂದೇಬಿಟ್ಟಿತು. ಅವರು ತಲೆ ಎತ್ತಲಿಲ್ಲ.

"ನಮ್ಮ ಹಳೇ ಬೆಲ್ ಪೆಟಗಿ ನೋಡಿಲ್ಲೇನು ನೀ?" ಎಂದರು. ಎದ್ದು, ಅಟ್ಟದ ಮೇಲಿನಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿ, ಒರೆಸಿ, ಬೆನ್ನು ಬಿಚ್ಚಿದರು. "ಹನ್ನೆರಡು ಕಾಟಿಗೆ ಬೆಲ್ ಒಂದ. ಒಬ್ಬೊಬ್ಬರ ತಂತಿಗೂ ಒಂದೊಂದು ಡಯೋಡ್ ಐತಿ ನೋಡು. ಒಳಗ ಬರಾಕ ಬಾಗಲಾ, ಹೊರಗ ಹೋಗಾಕಿಲ್ಲ. ಒಬ್ಬಾಂವ ಒತ್ತಿದ್ದು ಇನ್ನೊಬ್ಬಾಂವಗ ಮುಟ್ಟೂದಿಲ್ಲ, ಬೆಲ್‌ಗೆ ಅಷ್ಟ ಮುಟ್ತೈತಿ."

"ಬೆಲ್ ಒಂದ ಅಂದ್ರ, ಯಾರು ಕರದ್ರು ಅಂತ ಹೆಂಗ ಗೊತ್ತಾಕ್ಕೈತ್ರಿ?"

"ನರ್ಸ್ ಎದಕ್ಕ ಅದಾಳ? ಬೆಲ್ ಆತಂದ್ರ ಎದ್ದು ಎಲ್ಲಾ ಕಾಟು ನೋಡ್ಕೊಂಡು ಬರ್ತಾಳ. ಸುಮ್ಮ ಸುಮ್ಮನ ತಿರಗೂದಿಲ್ಲ, ಬೆಲ್ ಆದಾಗಷ್ಟ. ಮತ್ತ ಕೇಳು — ಬೆಲ್ ನಿಲ್ಲೂತನಕ ಆಕಿ ಕೂಡಂಗಿಲ್ಲ. ಒಬ್ಬಾಂವನ ನೋಡೂದ್ರಾಗ ಇನ್ನೊಬ್ಬಾಂವ ಒತ್ತಿರ್ತಾನ."

ಡಿಪ್ಲೊಮಾದಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಮೂರು ಡಯೋಡು, ಒಂದು ಕಾಲು. ಸನ್ನೆ ಬಂದಾಗ ಮಾತ್ರ ಚಿಪ್ ಎಚ್ಚರಾಗಿ ಮೂರೂ ಸೆನ್ಸರನ್ನು ಕೇಳುತ್ತದೆ, ತಂತಿ ಶಾಂತವಾಗುವ ತನಕ ಕೂರುವುದಿಲ್ಲ. ಇವತ್ತಿಗೂ ನಮ್ಮ ಪೆಟ್ಟಿಗೆಗಳು ಹೀಗೆಯೇ ಓಡುತ್ತವೆ. ಇವತ್ತಿಗೂ ಸುಳ್ಳು ಹೇಳಿಲ್ಲ.

ಈ ಸಲ ಮೊದಲು ಸರ್ ಅವರಿಗೆ ತೋರಿಸಿದೆ. ಎಲ್ಲರೂ ಇದ್ದಾಗ, ಇದು ಅಕ್ಕನವರ ವಿಚಾರ, ನನ್ನದಲ್ಲ ಎಂದೂ ಹೇಳಿದೆ. ಅಷ್ಟು ಹೇಳಿದ್ದರಿಂದ ಮನಸ್ಸು ಹಗುರವಾಗಿಬಿಟ್ಟಿತು. ಅದೇ ಮೋಸ. ಒಂದು ಸಣ್ಣ ಸತ್ಯ ಹೇಳಿ ದೊಡ್ಡದರ ಮೇಲೆ ಮುಚ್ಚಳ ಹಾಕಿದೆ.

ಮರುದಿನ ಸುನಂದಕ್ಕ ನನಗೆ ಡಬ್ಬಿ ತುಂಬ ಗೋಧಿ ಬೆಲ್ಲದ ಸಿಹಿ ಮಾದಲಿ ಮಾಡಿ ತಂದರು. "ಎಲ್ಲಾರ ಮುಂದ ನನ್ನ ಹೆಸರ ಹೇಳಿದಿ, ತಮ್ಮಾ. ಆರು ಪೆಟಗಿ ಕೆಡಿಸಿದಾಕೀ ಹೆಸರ ಯಾರ ಹೇಳ್ತಾರ? ನೀ ಹೇಳಿದಿ" ಎಂದರು. ನಾನು ಅವರ ಮುಂದೆ ಕೂತು ಆ ಮಾದಲಿ ತಿಂದೆ. ಪೂರ್ತಿ ತಿಂದೆ.

ಆಮೇಲೆ ವರ್ಷಗಳು ಹೋದವು. ನಾನು ಡಿಪ್ಲೊಮಾ ಮುಗಿಸಿದೆ. ಈಗ ಕಾರ್ಖಾನೆಯ ಪ್ರೋಗ್ರಾಮುಗಳೆಲ್ಲ ನನ್ನವೇ. ಸುನಂದಕ್ಕ ಹಿಂದಿನ ಮೇಜಿನಲ್ಲೇ ಉಳಿದರು.

ಹೋದ ಸೋಮವಾರ ಸರ್ ನನ್ನನ್ನು ಕರೆದರು. ಹೊಸದಾಗಿ ನಾಲ್ಕು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಿದ್ದಾರೆ. ಅವರಿಗೆ ಸೋಲ್ಡರಿಂಗ್ ಕಲಿಸಲು ಅಕ್ಕನವರಿಗಿಂತ ಬೇರೆ ಯಾರಿದ್ದಾರೆ? ಆದರೆ ಅವರು ಒಲ್ಲೆ ಎನ್ನುತ್ತಾರೆ, ಈ ತಿಂಗಳಿಗೆ ಕೆಲಸವನ್ನೇ ಬಿಡುತ್ತೇನೆ ಎನ್ನುತ್ತಾರೆ. "ನಿನ್ನ ಮಾತು ಕೇಳ್ತಾರ ಅವರು. ಹೋಗಿ ಹೇಳಿ ನೋಡು" ಎಂದರು.

ಅಂದು ಅವರು ರಜೆಯಲ್ಲಿದ್ದರು. ಮಧ್ಯಾಹ್ನ ಸತ್ತೂರಿಗೆ ಅವರ ಮನೆಗೆ ಹೋದೆ. ಚಹಾ ಕೊಟ್ಟರು. ವಿಷಯ ಹೇಳಿದೆ. ಅವರು ನಕ್ಕು ಎರಡೂ ಕೈ ಮುಂದೆ ಹಿಡಿದರು — ಆ ದಿನ ಹಿಡಿದ ಹಾಗೆಯೇ. "ಈ ಕೈಲೆ ಏನ್ ಕಲಸ್ಲಿ, ಮಾಂತೇಶಾ? ಸುಡೂದು ಕಲಸ್ಲೇನು? ಆ ಹುಡುಗ್ಯಾರು ನನ್ನ ನೋಡಿ ಬಿಸಿ ಹೆಚ್ಚ ಮಾಡಿದ್ರ? ಬ್ಯಾಡಪ್ಪಾ. ನಂದು ಆರಕ್ಕ ನಿಲ್ಲಲಿ."

ಅವರ ಹಿಂದೆ ಒಲೆಯ ಪಕ್ಕದಲ್ಲಿದ್ದ ಕುಕ್ಕರಿನ ಹಿಡಿಕೆ ಮುರಿದಿತ್ತು. ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ಎಳೆಗೆ ಎಳೆ ಕೂಡಿಸಿ, ಒಂದು ಕೂದಲಿನಷ್ಟು ಸಂದೂ ಇಲ್ಲದೆ. ನಿಜ ನಾಲಿಗೆಯ ತುದಿಗೆ ಬಂದಿತ್ತು. ಚಹಾ ಮುಗಿಸಿ, "ಬರ್ತೇನ್ರಿ ಅಕ್ಕಾರ" ಎಂದು ಎದ್ದು ಬಂದೆ.

ಇಷ್ಟು ದಿನ ನಾನು ಲೆಕ್ಕ ಹಾಕುತ್ತಿದ್ದದ್ದು ಏನೆಂದರೆ — ಅವರ ಕೆಲಸವಂತೂ ಹೋಗಲಿಲ್ಲ, ಮರ್ಯಾದೆಯೂ ಹೋಗಲಿಲ್ಲ, ಸರ್ ಒಂದು ದಿನವೂ ಬಿರುಸು ಮಾತಾಡಲಿಲ್ಲ. ಹಾಗಾದರೆ ನಾನು ಕಸಿದುಕೊಂಡದ್ದು ಏನು? ಆ ಮಧ್ಯಾಹ್ನ ಗೊತ್ತಾಯಿತು. ತನ್ನ ಕೈ ತನ್ನದು ಎಂಬ ನಂಬಿಕೆ. ಅದನ್ನು ಕಸಿದುಕೊಂಡು, ಅದೇ ಕೈಯಿಂದ ವಿದ್ಯೆ ಇಸಿದುಕೊಂಡೆ, ಮಾದಲಿ ಇಸಿದುಕೊಂಡೆ.

ನಿನ್ನೆ ಮುಂಜಾನೆ ಸರ್ ಅವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹಂಗಾರ ಆ ದಿನ ಭೂತಗನ್ನಡಿಯೊಳಗ ನಾ ಏನ್ ನೋಡಿದೆಪಾ?" ಎಂದು ತಮ್ಮನ್ನೇ ಕೇಳಿಕೊಂಡರು. ಆಮೇಲೆ, "ನನ್ನ ಮುಂದ ಹೇಳಿದ್ದು ಏನೂ ಆಗ್ಲಿಲ್ಲ. ಅಲ್ಲಿ ಹೋಗಿ ಹೇಳು" ಎಂದರು.

ಇದನ್ನು ಬರೆದದ್ದು ಅದಕ್ಕೆ. ಎದುರಿಗೆ ಕೂತರೆ ಮತ್ತೆ ಚಹಾ ಕುಡಿದು ಎದ್ದುಬಂದೇನು ಎಂದು ನನಗೆ ನನ್ನ ಮೇಲೇ ಗುಮಾನಿ. ಈ ಹಾಳೆಗಳನ್ನು ಅವರಿಗೆ ಓದಿ ಹೇಳುತ್ತೇನೆ. ಅವರು ಒಪ್ಪಿದರೆ ಮಾತ್ರ ನಿಮ್ಮ ಕೈಗೆ ಬರುತ್ತದೆ. ನೀವು ಇದನ್ನು ಓದುತ್ತಿದ್ದೀರಿ ಎಂದರೆ ಅವರು ಕೇಳಿಸಿಕೊಂಡರು ಎಂದಷ್ಟೇ ತಿಳಿಯಿರಿ. ಕ್ಷಮಿಸಿದರು ಎಂದು ತಿಳಿಯಬೇಡಿ. ಅದನ್ನು ನಾನು ಕೇಳುವುದಿಲ್ಲ. ಅವರು ಕೊಟ್ಟಾರು, ಅವರ ಸ್ವಭಾವವೇ ಅಂಥದ್ದು — ಅದಕ್ಕೇ ಕೇಳಬಾರದು.

ಅಕ್ಕಾರ, ಅಕ್ಷರ ಕೊಟ್ಟವರು ನೀವು. ಆ ಅಕ್ಷರದಿಂದ ನಾನು ಬರೆದ ಮೊದಲ ನಿಜವಾದ ಮಾತು ಇದು. ನಿಮ್ಮ ಕೈ ಎಂದೂ ಕೆಟ್ಟಿರಲಿಲ್ಲ. ಒಂದು ದಿನವೂ ಇಲ್ಲ.

ಆರನೆಯ ಬೋರ್ಡನ್ನು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಬಿಸಾಡಲು ಆಗಿರಲಿಲ್ಲ. ಇಂದು ತೆಗೆದೆ. ಬೆನ್ನಿನ ಮೇಲೆ ಅವರ ಕೆಂಪು ಚುಕ್ಕಿ, ಅದರ ಕೆಳಗೆ ನನ್ನ ಗಂಟು — ಎರಡು ಸುತ್ತು ಬಲಕ್ಕೆ, ತುದಿ ಮಡಚಿ ಒಳಗೆ. ನಮ್ಮ ಕಾರ್ಖಾನೆಯಲ್ಲಿ ಇಂಥ ಗಂಟು ಹಾಕುವವನು ನಾನೊಬ್ಬನೇ. ಅದನ್ನು ನೋಡಿದ ಕೂಡಲೇ ಅವರಿಗೆ ತಿಳಿಯುತ್ತದೆ, ಓದುವ ಮೊದಲೇ.

ಹಸಿರು ಬಾಟಲಿ ಗಟ್ಟಿಯಾಗಿತ್ತು. ಎರಡು ಹನಿ ಥಿನ್ನರ್ ಹಾಕಿ ಕಲಕಿ, ಗಂಟಿನ ಪಕ್ಕದಲ್ಲಿ ನನ್ನ ಚುಕ್ಕಿ ಇಟ್ಟೆ. ಕೆಂಪು ಚುಕ್ಕಿಯನ್ನು ಅಳಿಸಲಿಲ್ಲ. ಅವರು ಬೆಸೆದ ಕಾಲುಗಳು ಒಂದೊಂದೂ ಇನ್ನೂ ಹೊಳೆಯುತ್ತಿವೆ. ಆ ಕೆಲಸ ಅವರದೇ.

ಚುಕ್ಕಿ ಒಣಗಿತು. ಸತ್ತೂರಿನ ಬಸ್ಸಿಗೆ ಹೊರಡುತ್ತೇನೆ. ಬೋರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಿದ್ದೇನೆ. ಕಿಟಕಿಯ ಕಟ್ಟೆಯ ಮೇಲೆ ಉಳಿದಿದ್ದ ಅವರ ಕೆಂಪು ಬಾಟಲಿಗೂ ಎರಡು ಹನಿ ಥಿನ್ನರ್ ಹಾಕಿ ಜೊತೆಗೆ ತೆಗೆದುಕೊಂಡಿದ್ದೇನೆ.